ಹಿಮದ ಬೆಟ್ಟದಲ್ಲಿ ಬಿರುಗಾಳಿ ಎದ್ದರೆ: ಕೊಡಗಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಕೊಡಗಿನಲ್ಲಿ ಒಂದಿಷ್ಟು ಜನ ಬ್ಯಾಗ್ ಕಟ್ಟುತ್ತಾರೆ. ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್ ಅಂತ ಉತ್ತರಾಖಂಡದ ಕಡೆ ಹೊರಡುತ್ತಾರೆ. ಖುಷಿಯ ವಿಷಯವೇ. ನಮ್ಮವರಿಗೆ ಬೆಟ್ಟ ಹೊಸದಲ್ಲ. ಜುಲೈ ಮಳೆಯಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ತೋಟ ಸುತ್ತಿದವರಿಗೆ ಚಳಿಗಾಳಿಯೂ ಹೊಸದಲ್ಲ.

ಆದರೆ ಇದೇ ಅಭ್ಯಾಸ ಅಲ್ಲಿ ಮೋಸ ಮಾಡುತ್ತದೆ. ಇಲ್ಲಿ ನೆನೆದರೆ ಮನೆಗೆ ಬಂದು ಒಲೆ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತೇವೆ. ಒದ್ದೆಯಾಗುವುದನ್ನು ನಾವು ಅಪಾಯ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಿಮದ ಬೆಟ್ಟದಲ್ಲಿ ಒದ್ದೆ ಬಟ್ಟೆ, ಗಾಳಿ, ತಡ ಈ ಮೂರೂ ಸೇರಿದರೆ ಗಟ್ಟಿಮುಟ್ಟಾದ ಮನುಷ್ಯ ಕೆಲವೇ ಗಂಟೆಗಳಲ್ಲಿ ಸಾಯಬಹುದು.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಏನಾಯಿತು ಅಂತ ಕರ್ನಾಟಕದಲ್ಲಿ ಬಹಳ ಜನಕ್ಕೆ ನೆನಪಿದೆ. 22 ಜನರ ತಂಡ, ಹೆಚ್ಚಿನವರು ನಮ್ಮ ರಾಜ್ಯದವರು. 4,000 ಮೀಟರ್‌ಗಿಂತ ಎತ್ತರದಲ್ಲಿ ಹಿಮಬಿರುಗಾಳಿಗೆ ಸಿಕ್ಕಿಕೊಂಡರು. 9 ಜನ ತೀರಿಕೊಂಡರು. ಉಳಿದವರನ್ನು ವಾಯುಪಡೆಯ ಹೆಲಿಕಾಪ್ಟರ್‌ಗಳು ಮತ್ತು ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಸ್ಪಂದನಾ ಪಡೆ) ಸಿಬ್ಬಂದಿ ಕೆಳಗೆ ತಂದರು. ಅದು ಚಳಿಗಾಲವೂ ಆಗಿರಲಿಲ್ಲ, ಜೂನ್ ತಿಂಗಳು. ಹಾಗಿದ್ದರೆ ಜನವರಿ, ಫೆಬ್ರವರಿಯಲ್ಲಿ ಹೋಗುವವರು ಎಷ್ಟು ತಯಾರಾಗಿರಬೇಕು, ಯೋಚಿಸಿ.

ಬಿರುಗಾಳಿ ಎದ್ದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಸ್ವಲ್ಪವೇ. ಹೆಚ್ಚಿನ ಕೆಲಸ ಅದಕ್ಕೆ ಮೊದಲೇ ಆಗಬೇಕು, ಅರ್ಧ ಇಲ್ಲಿ ಮನೆಯಲ್ಲೇ. ಅದಕ್ಕೇ ಈ ಬರಹದಲ್ಲಿ ತಯಾರಿಯ ಭಾಗ ಉದ್ದವಿದೆ. ಗೈಡ್ ಜೊತೆ ಚಳಿಗಾಲದ ಟ್ರೆಕ್‌ಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಹಗ್ಗ, ಐಸ್ ಆಕ್ಸ್ ಹಿಡಿದು ಶಿಖರ ಏರುವ ಆಸೆ ಇದ್ದರೆ ಓದಿದ್ದು ಸಾಲದು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಅಥವಾ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿ. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಹೆಸರಿನಲ್ಲೇ ರಾಜ್ಯದಲ್ಲಿ ಒಂದು ಸಾಹಸ ಅಕಾಡೆಮಿ ಇದೆ. ಅಲ್ಲಿಂದಲೂ ಶುರು ಮಾಡಬಹುದು.

ಹಂತ 1: ಬಿರುಗಾಳಿ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

ಹಿಮಾಲಯದ ಚಳಿಗಾಲದ ಬಿರುಗಾಳಿಗೂ ನಮ್ಮ ಮುಂಗಾರಿಗೂ ಸಂಬಂಧ ಇಲ್ಲ. ಅದು ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುತ್ತದೆ. ಹವಾಮಾನ ಇಲಾಖೆಯವರು ಇದಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಕೆಲವು ಸುಮ್ನೆ ಮೋಡ ತೋರಿಸಿ ಹೋಗುತ್ತವೆ. ಕೆಲವು ಎರಡು ಮೂರು ದಿನ ಬಿಡದೆ ಹಿಮ ಸುರಿಸುತ್ತವೆ. ನಮ್ಮ ತೋಟದವರಿಗೆ ಬಿಡುವು ಸಿಗುವ ಫೆಬ್ರವರಿ ಕೊನೆ, ಮಾರ್ಚ್ ಶುರು ಕೂಡ ಈ ಅವಧಿಯ ಒಳಗೇ ಬರುತ್ತದೆ. ‘ಚಳಿಗಾಲ ಮುಗೀತಾ ಬಂತು’ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಸಮಾಧಾನದ ವಿಷಯ ಅಂದರೆ, ಇವು ಬರುವುದು ಕೆಲವು ದಿನ ಮೊದಲೇ ಗೊತ್ತಾಗುತ್ತದೆ. ಹೊರಡುವ ಒಂದು ವಾರ ಮೊದಲಿಂದ ಹವಾಮಾನ ಇಲಾಖೆಯ ಉತ್ತರಾಖಂಡ ಅಥವಾ ಹಿಮಾಚಲದ ಮುನ್ಸೂಚನೆಯನ್ನು ದಿನಾ ನೋಡಿ. ಹಳದಿ, ಆರೆಂಜ್, ರೆಡ್ ಅಲರ್ಟ್ ಏನು ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡುತ್ತಾರೆ. ಅಲ್ಲಿ ನಿಮ್ಮ ಟ್ರೆಕ್‌ಗೆ ರಜೆ ಕೊಡಬೇಕಾದವರು ನೀವೇ. ಹಿಮಕುಸಿತದ ಎಚ್ಚರಿಕೆಗೆ ಬೇರೆ ಸಂಸ್ಥೆ ಇದೆ. ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಡಿಜಿಆರ್‌ಇ ಚಳಿಗಾಲದಲ್ಲಿ ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. ಎರಡನ್ನೂ ನೋಡಬೇಕು.

ಮುನ್ಸೂಚನೆ ನೋಡುವಾಗ ಉಷ್ಣಾಂಶ ಒಂದನ್ನೇ ನೋಡಬೇಡಿ. ಕೆಳಗಿನ ಊರಿನ ಉಷ್ಣಾಂಶ ಕೊಟ್ಟಿದ್ದರೆ, ಪ್ರತಿ 1,000 ಮೀಟರ್ ಏರಿದಾಗ ಸುಮಾರು 6.5 ಡಿಗ್ರಿ ಕಡಿಮೆ ಆಗುತ್ತದೆ ಅಂತ ಲೆಕ್ಕ ಹಾಕಿ. ಆಮೇಲೆ ಗಾಳಿಯ ವೇಗ ನೋಡಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 20ರಷ್ಟು ಹೊಡೆಯುತ್ತದೆ. ದಿಬ್ಬದ ನೆತ್ತಿಯಲ್ಲಿ, ಬೆಟ್ಟ ದಾಟುವ ಪಾಸ್‌ಗಳಲ್ಲಿ ಗಾಳಿ ಇನ್ನೂ ಜೋರು.

ಬಂಗಾಳ ಕೊಲ್ಲಿಯ ಚಂಡಮಾರುತದ ಸುದ್ದಿಯನ್ನೂ ಗಮನಿಸಿ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಎರಡೇ ದಿನದಲ್ಲಿ ನೇಪಾಳದ ಅನ್ನಪೂರ್ಣ ಪ್ರದೇಶದಲ್ಲಿ ಭಾರೀ ಹಿಮ ಸುರಿಸಿತು. 5,416 ಮೀಟರ್ ಎತ್ತರದ ಥೊರಾಂಗ್ ಲಾ ದಾರಿಯಲ್ಲೂ ಸುತ್ತಮುತ್ತಲೂ 40ಕ್ಕೂ ಹೆಚ್ಚು ಜನ ಸತ್ತರು. ಸಮುದ್ರದ ಚಂಡಮಾರುತ ಹಿಮಾಲಯದವರೆಗೂ ಮುಟ್ಟುತ್ತದೆ ಅಂತ ಆ ಹಾದಿಯಲ್ಲಿದ್ದ ಎಷ್ಟೋ ಜನ ಎಣಿಸಿರಲೇ ಇಲ್ಲ.

ಹಂತ 2: ಇಲ್ಲೇ ಅಭ್ಯಾಸ ಮಾಡಿ, ಆದರೆ ಇಲ್ಲಿನ ಎತ್ತರವನ್ನು ನಂಬಬೇಡಿ

ಕಾಲಿಗೆ, ಉಸಿರಿಗೆ ಕೊಡಗಿನಷ್ಟು ಒಳ್ಳೆಯ ಜಾಗ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಹತ್ತು ಕಿಲೋ ಹೊತ್ತು, ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳ್ ಏರಿ ಇಳಿಯಿರಿ. ಸುಸ್ತಾಗದೆ ಇಳಿಯುವುದನ್ನು ಕಲಿಯಿರಿ. ಅಲ್ಲಿ ಬಿದ್ದು ಪೆಟ್ಟಾಗುವುದು ಬಹಳ ಸಲ ಇಳಿಯುವಾಗಲೇ. ಮಂಜು ಮುಸುಕಿದ ದಿನ ಫೋನಿನ ಆಫ್‌ಲೈನ್ ಮ್ಯಾಪ್ ಮತ್ತು ದಿಕ್ಸೂಚಿ ಹಿಡಿದು ದಾರಿ ಹುಡುಕುವ ಅಭ್ಯಾಸ ಮಾಡಿ. ದಪ್ಪ ಗ್ಲೌಸ್ ಹಾಕಿಕೊಂಡೇ ಬ್ಯಾಗಿನ ಜಿಪ್ ಎಳೆಯಿರಿ, ಶೂ ಲೇಸ್ ಕಟ್ಟಿ, ಹೆಡ್‌ಲ್ಯಾಂಪ್ ಹಚ್ಚಿ. ಸಣ್ಣ ವಿಷಯ ಅನ್ನಿಸುತ್ತದೆ. ಬಿರುಗಾಳಿಯಲ್ಲಿ ಗ್ಲೌಸ್ ಬಿಚ್ಚಿ ಎರಡು ನಿಮಿಷ ಜಿಪ್ ಜೊತೆ ಒದ್ದಾಡಿದರೆ ಬೆರಳು ಮರಗಟ್ಟುತ್ತದೆ. ಆಮೇಲೆ ಆ ಕೈಯಿಂದ ಯಾವ ಕೆಲಸವೂ ಆಗುವುದಿಲ್ಲ.

ಇನ್ನು ಎತ್ತರದ ಮಾತು. ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್. ಕೇದಾರಕಂಠಕ್ಕೆ ಹತ್ತಲು ಶುರು ಮಾಡುವ ಸಂಕ್ರಿ ಊರೇ ಅದಕ್ಕಿಂತ ಎತ್ತರದಲ್ಲಿದೆ. ಶಿಖರ 3,810 ಮೀಟರ್ ಹತ್ತಿರ. 2,500 ಮೀಟರ್ ದಾಟಿದ ಮೇಲೆ ಶುರುವಾಗುವ ಎತ್ತರದ ಕಾಯಿಲೆಗೆ ಕೊಡಗಿನಲ್ಲಿ ಎಷ್ಟು ಹತ್ತಿದರೂ ತಯಾರಿ ಆಗುವುದಿಲ್ಲ. ಫಿಟ್ ಇದ್ದವರಿಗೂ ಬರುತ್ತದೆ.

ನಮ್ಮಲ್ಲಿ ಒಂದು ಅನುಕೂಲ ಇದೆ, ಬೇರೆ ಜಿಲ್ಲೆಯವರಿಗೆ ಅಷ್ಟು ಸುಲಭವಾಗಿ ಸಿಗದು. ಊರೂರಲ್ಲೂ ಮಿಲಿಟರಿಯಿಂದ ನಿವೃತ್ತರಾದವರು ಇದ್ದಾರೆ. ಲಡಾಖ್, ಸಿಯಾಚಿನ್‌ನಲ್ಲಿ ಚಳಿಗಾಲ ಕಳೆದವರು. ಹೋಗುವ ಮೊದಲು ಅಂಥ ಒಬ್ಬ ಮಾವನೋ ದೊಡ್ಡಪ್ಪನೋ ಸಿಕ್ಕರೆ ಒಂದು ಗಂಟೆ ಕೂತು ಮಾತಾಡಿ. ಸಾಕ್ಸ್ ಹೇಗೆ ಒಣಗಿಸುತ್ತಿದ್ದರು, ಕಾಲ್ಬೆರಳು ಹೇಗೆ ನೋಡಿಕೊಳ್ಳುತ್ತಿದ್ದರು ಅಂತ ಕೇಳಿ. ಸೈನ್ಯದಲ್ಲಿ 9,000ದಿಂದ 12,000 ಅಡಿಯ ಮಧ್ಯೆಯೇ ಆರು ದಿನ ಇರಿಸಿ ಮೈ ಹೊಂದಿಸುತ್ತಾರೆ. ಅದರ ಮೇಲೆ 15,000 ಅಡಿವರೆಗೆ ಇನ್ನೂ ನಾಲ್ಕು ದಿನ, ಅದಕ್ಕಿಂತ ಮೇಲಕ್ಕೆ ಮತ್ತೆ ನಾಲ್ಕು ದಿನ. ತರಬೇತಾದ ಯೋಧರಿಗೇ ಇಷ್ಟು ಸಮಯ ಬೇಕು. ನಾವು ಆಫೀಸ್ ರಜೆ ಲೆಕ್ಕದಲ್ಲಿ ಮೂರೇ ದಿನದಲ್ಲಿ 12,000 ಅಡಿ ಮುಟ್ಟಲು ನೋಡುತ್ತೇವೆ.

ಹಂತ 3: ಮೈ ಒಣಗಿರುವಂತೆ ಬಟ್ಟೆ ಆರಿಸಿ

ಈ ಹಂತಕ್ಕೆ ಜಾಸ್ತಿ ಗಮನ ಕೊಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದು ಹಿಮ ಕರಗಿ ಬಂದ ನೀರಾದರೂ ಸರಿ, ನಿಮ್ಮ ಬೆವರಾದರೂ ಸರಿ.

ಹತ್ತಿ ಬಟ್ಟೆ ಪೂರ್ತಿ ಬಿಟ್ಟುಬಿಡಿ. ಬನಿಯನ್, ಒಳಚಡ್ಡಿ, ಕಾಲುಚೀಲ ಎಲ್ಲ ಸೇರಿಸಿ ಹೇಳುತ್ತಿದ್ದೇನೆ. ಜೀನ್ಸ್ ಅಂತೂ ಬ್ಯಾಗಿಗೆ ಹಾಕಲೇಬೇಡಿ. ಮೈಗೆ ತಾಗುವ ಮೊದಲ ಪದರ ಉಣ್ಣೆಯದ್ದು ಅಥವಾ ಪಾಲಿಯೆಸ್ಟರ್‌ನದ್ದು ಇರಲಿ. ಅದರ ಮೇಲೆ ಫ್ಲೀಸ್, ಅಂದರೆ ತುಪ್ಪಳದಂಥ ಹಗುರ ಬೆಚ್ಚನೆ ಬಟ್ಟೆ. ಅದರ ಮೇಲೆ ದಪ್ಪ ಜಾಕೆಟ್. ಎಲ್ಲಕ್ಕಿಂತ ಹೊರಗೆ ಗಾಳಿ ಮತ್ತು ನೀರು ತಡೆಯುವ, ಆದರೆ ಬೆವರಿನ ಆವಿ ಹೊರಗೆ ಬಿಡುವ ಜಾಕೆಟ್, ಪ್ಯಾಂಟ್. ತೋಟದಲ್ಲಿ ಹಾಕುವ ರಬ್ಬರ್ ರೇನ್‌ಕೋಟ್ ಇದಕ್ಕೆ ಆಗುವುದಿಲ್ಲ. ಅದು ಮಳೆ ತಡೆಯುತ್ತದೆ, ಬೆವರನ್ನೂ ಒಳಗೇ ಕೂಡಿಹಾಕುತ್ತದೆ. ಹತ್ತುವಾಗ ಬೆವರಿ ಒಳಗಿಂದ ನೆನೆದು, ನಿಂತ ತಕ್ಷಣ ನಡುಗಲು ಶುರುವಾಗುತ್ತದೆ. ಗರಿಯ ಡೌನ್ ಜಾಕೆಟ್ ಒಣಗಿದ್ದಾಗ ಬಹಳ ಬೆಚ್ಚಗೆ, ನೆಂದರೆ ಮುದ್ದೆಯಾಗಿ ಏನೂ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟು, ನಿಂತಾಗ ಮಾತ್ರ ಹಾಕಿಕೊಳ್ಳಿ.

ನಡೆಯುವ ಕ್ರಮವೂ ಬಟ್ಟೆಯಷ್ಟೇ ಮುಖ್ಯ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕಿ ಹೊರಡಿ. ಬೆವರು ಬರುವ ಮೊದಲೇ ಒಂದು ಪದರ ತೆಗೆಯಿರಿ. ನಿಲ್ಲುವ ಮೊದಲೇ ಒಂದು ಪದರ ಹಾಕಿ. ಪದೇ ಪದೇ ಬ್ಯಾಗ್ ಬಿಚ್ಚಲು ಬೇಜಾರಾಗುತ್ತದೆ, ಗುಂಪು ಕಾಯುತ್ತಿದೆ ಅಂತ ಸಂಕೋಚ ಆಗುತ್ತದೆ. ಸಂಕೋಚ ಬೇಡ.

ಗ್ಲೌಸ್ ಎರಡು ಜೊತೆ ಕಡ್ಡಾಯ. ಒಂದು ತೆಳುವಾದದ್ದು, ಒಂದು ನಾಲ್ಕು ಬೆರಳೂ ಒಟ್ಟಿಗೆ ಇರುವ ದಪ್ಪ ಮಿಟನ್. ಗಾಳಿ ಹಾರಿಸಿಕೊಂಡು ಹೋಗದಂತೆ ಮಣಿಕಟ್ಟಿಗೆ ದಾರ ಕಟ್ಟಿ. ಶೂ ಬಿಗಿಯಾಗಿರಬಾರದು. ಎರಡು ಸಾಕ್ಸ್ ತುರುಕಿ ಶೂ ಬಿಗಿದರೆ ರಕ್ತ ಓಡುವುದಿಲ್ಲ, ಕಾಲ್ಬೆರಳು ಬೇಗ ಮರಗಟ್ಟುತ್ತದೆ. ರಾತ್ರಿಗೆ ಒಂದು ಜೊತೆ ಒಣ ಸಾಕ್ಸ್ ಬೇರೆ ಇಡಿ, ಏನೇ ಆದರೂ ಅದನ್ನು ಹಗಲಲ್ಲಿ ಹಾಕಬೇಡಿ. ಶೂ ಕೆಳಗೆ ಕಟ್ಟುವ ಮೈಕ್ರೋಸ್ಪೈಕ್, ಶೂ ಒಳಗೆ ಹಿಮ ಹೋಗದಂತೆ ಗೇಟರ್, ಹಿಮದ ಬೆಳಕಿಗೆ ಕಪ್ಪು ಕನ್ನಡಕ, ಇವೂ ಬೇಕು. ಕನ್ನಡಕ ಇಲ್ಲದಿದ್ದರೆ ಒಂದೇ ದಿನದಲ್ಲಿ ಕಣ್ಣು ಉರಿದು ತೆರೆಯಲಾಗದಂತೆ ಆಗಬಹುದು.

ಫೋನ್, ಪವರ್‌ಬ್ಯಾಂಕ್, ಹೆಡ್‌ಲ್ಯಾಂಪ್ ಬ್ಯಾಟರಿ ಚಳಿಗೆ ಬೇಗ ಸಾಯುತ್ತವೆ. ಮೈಗೆ ತಾಗುವ ಜೇಬಿನಲ್ಲಿ ಇಡಿ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ. ಜೇಬಿನಲ್ಲಿ ಕಡಲೆ ಮಿಠಾಯಿ, ಖರ್ಜೂರ, ಬೆಲ್ಲ ಇರಲಿ. ಕ್ಯಾಂಟೀನ್ ರಮ್ ಮಾತ್ರ ಮನೆಯಲ್ಲೇ ಇರಲಿ. ಕುಡಿದರೆ ಬೆಚ್ಚಗಾದಂತೆ ಅನ್ನಿಸುವುದು ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುವುದರಿಂದ. ಅಲ್ಲಿಂದ ಆ ಬಿಸಿ ಹೊರಗೆ ಹೋಗುತ್ತದೆ. ಜೊತೆಗೆ ತೀರ್ಮಾನ ತೆಗೆದುಕೊಳ್ಳುವ ತಲೆಯೂ ಮಂಕಾಗುತ್ತದೆ.

ಹಂತ 4: ಕರೆದುಕೊಂಡು ಹೋಗುವವರನ್ನು ಪ್ರಶ್ನೆ ಕೇಳಿ

ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ಎಷ್ಟು ಜನಕ್ಕೆ ಒಬ್ಬ ಗೈಡ್? ಆಕ್ಸಿಜನ್ ಸಿಲಿಂಡರ್, ಸ್ಟ್ರೆಚರ್ ಜೊತೆಗೆ ಇರುತ್ತದಾ, ಕೆಳಗಿನ ಊರಿನಲ್ಲಿ ಇರುತ್ತದಾ? ವಾಕಿಟಾಕಿ ಇದೆಯಾ? ಹಿಂದೆ ಹವಾಮಾನ ಕೆಟ್ಟಾಗ ಏನು ಮಾಡಿದಿರಿ? ಕೊನೆಯ ಪ್ರಶ್ನೆಗೆ ‘ನಮ್ಮಲ್ಲಿ ಎಲ್ಲರೂ ಸಮಿಟ್ ಮಾಡಿಯೇ ಬರ್ತಾರೆ’ ಅಂತ ಉತ್ತರ ಬಂದರೆ ಆ ಕಡೆ ಹೋಗಬೇಡಿ. ಹಿಂದಕ್ಕೆ ತಿರುಗಿದ ದಿನಗಳ ಬಗ್ಗೆ ಮುಚ್ಚಿಡದೆ ಹೇಳುವವರನ್ನು ನಂಬಬಹುದು. ಹವಾಮಾನದಿಂದ ಟ್ರೆಕ್ ನಿಂತರೆ ದುಡ್ಡಿಗೆ ಏನು ವ್ಯವಸ್ಥೆ ಅಂತಲೂ ಮೊದಲೇ ಬರೆಸಿಕೊಳ್ಳಿ. ಮೇಲೆ ಹೋದ ಮೇಲೆ ‘ಕೊಟ್ಟ ದುಡ್ಡು ಹೋಯ್ತಲ್ಲ’ ಅನ್ನುವ ಚಿಂತೆಯೇ ಬಹಳ ಜನರನ್ನು ಮುಂದಕ್ಕೆ ತಳ್ಳುತ್ತದೆ.

ಎತ್ತರದಲ್ಲಿ ರಕ್ಷಣೆಯ ಖರ್ಚು ಭರಿಸುವ ವಿಮೆ ಮಾಡಿಸಿ. ಎಷ್ಟು ಮೀಟರ್‌ವರೆಗೆ ಅನ್ವಯ ಅಂತ ಓದಿ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಡಾಕ್ಟರ್ ಹತ್ತಿರ ಮಾತಾಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ.

ಹಂತ 5: ತಿರುಗುವ ಗಂಟೆ ಮನೆಯಲ್ಲೇ ಬರೆದಿಡಿ

1996ರ ಮೇ 10ರಂದು ಎವರೆಸ್ಟ್‌ನಲ್ಲಿ ಏನಾಯಿತು ಅಂತ ಹತ್ತುವವರೆಲ್ಲ ತಿಳಿದಿರಬೇಕು. ಮಧ್ಯಾಹ್ನ 2 ಗಂಟೆ ಹೊತ್ತಿಗೆ ಎಲ್ಲಿದ್ದರೂ ತಿರುಗಬೇಕು ಅನ್ನುವ ಮಾತು ಇತ್ತು. ಹಲವರು ಆ ಗಂಟೆ ದಾಟಿದ ಮೇಲೂ ಹತ್ತುತ್ತಲೇ ಹೋದರು. ಸಂಜೆ ಬಿರುಗಾಳಿ ಬಂದಾಗ ಅವರು ಇನ್ನೂ ಮೇಲೇ ಇದ್ದರು. ಆ ಬಿರುಗಾಳಿಯಲ್ಲಿ 8 ಜನ ಸತ್ತರು. ಸತ್ತವರಲ್ಲಿ ಜಗತ್ತಿನ ಹೆಸರಾಂತ ಗೈಡ್‌ಗಳೂ ಇದ್ದರು.

ಶಿಖರ ಕಣ್ಣೆದುರು ಇದ್ದಾಗ, ಆಮ್ಲಜನಕ ಸಾಲದ ತಲೆಯಲ್ಲಿ, ಸರಿಯಾದ ತೀರ್ಮಾನ ಹುಟ್ಟುವುದು ಕಷ್ಟ. ಅದಕ್ಕೇ ಮನೆಯಲ್ಲಿ ಕೂತು, ಬಿಸಿ ಕಾಫಿ ಕುಡಿಯುತ್ತಾ, ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ. ಗುಂಪಿನಲ್ಲಿ ಒಬ್ಬರಿಗೆ ತಲೆನೋವು, ವಾಂತಿ ಶುರುವಾದರೆ ಏನು ಮಾಡುತ್ತೇವೆ. ಎದುರಿನ ದಿಬ್ಬ ಕಾಣದಷ್ಟು ಮುಸುಕಿದರೆ ಏನು ಮಾಡುತ್ತೇವೆ. ಗುಂಪಿನ ಎಲ್ಲರೂ ಓದಲಿ. ಯಾರೇ ಒಬ್ಬರು ‘ತಿರುಗೋಣ’ ಅಂದರೆ ಉಳಿದವರು ವಾದ ಮಾಡಬಾರದು, ಗೇಲಿ ಮಾಡಬಾರದು. ಗೈಡ್ ‘ಆಜ್ ನಹೀ’ ಅಂದರೆ ಅಲ್ಲಿಗೆ ಮುಗಿಯಿತು. ‘ಭೈಯಾ, ಇನ್ನೂ ಅರ್ಧ ಗಂಟೆ ಅಷ್ಟೇ ಅಲ್ವಾ’ ಅಂತ ದುಂಬಾಲು ಬೀಳಬೇಡಿ. ಅವರ ಸಂಬಳ, ಟಿಪ್ಸ್ ನಿಮ್ಮ ಖುಷಿಯ ಮೇಲೆ ನಿಂತಿರುತ್ತದೆ. ನೀವು ಒತ್ತಾಯ ಮಾಡಿದರೆ ಅವರ ಜೀವವನ್ನೂ ಅಪಾಯಕ್ಕೆ ಒಡ್ಡಿದ ಹಾಗೆ.

ಹಂತ 6: ಆಕಾಶದ ಸುಳಿವು ಓದಿ

ಬಿರುಗಾಳಿ ಸಾಮಾನ್ಯವಾಗಿ ಸುಳಿವು ಕೊಟ್ಟೇ ಬರುತ್ತದೆ. ಬಹಳ ಎತ್ತರದಲ್ಲಿ ಎಳೆ ಎಳೆಯಾದ ತೆಳು ಮೋಡ ಪಶ್ಚಿಮದಿಂದ ಹರಡುತ್ತದೆ. ಸೂರ್ಯ ಅಥವಾ ಚಂದ್ರನ ಸುತ್ತ ಬಳೆ ಕಾಣುತ್ತದೆ. ಆಮೇಲೆ ಮೋಡ ದಪ್ಪವಾಗಿ ಕೆಳಗೆ ಇಳಿಯುತ್ತದೆ, ಗಾಳಿ ದಿಕ್ಕು ಬದಲಿಸಿ ಜೋರಾಗುತ್ತದೆ. ಶಿಖರದಿಂದ ಹಿಮದ ಪುಡಿ ಬಾವುಟದ ಹಾಗೆ ಹಾರುತ್ತಿದ್ದರೆ ಮೇಲೆ ಗಾಳಿ ವಿಪರೀತ ಇದೆ ಅಂತ ಅರ್ಥ.

ಎತ್ತರ ತೋರಿಸುವ ವಾಚ್ ಇದ್ದರೆ ಇನ್ನೊಂದು ಉಪಾಯ ಇದೆ. ಅಂಥ ಬಹಳಷ್ಟು ವಾಚ್‌ಗಳು ಗಾಳಿಯ ಒತ್ತಡ ಅಳೆದೇ ಎತ್ತರ ಹೇಳುತ್ತವೆ. ರಾತ್ರಿ ಮಲಗುವಾಗ ಒಂದು ಅಂಕಿ ನೋಡಿ ಇಟ್ಟುಕೊಳ್ಳಿ. ಬೆಳಿಗ್ಗೆ ಅದೇ ಟೆಂಟಿನಲ್ಲಿ ಕೂತಿದ್ದರೂ 40–50 ಮೀಟರ್ ಮೇಲೇರಿದ ಹಾಗೆ ತೋರಿಸಿದರೆ ಒತ್ತಡ ಇಳಿದಿದೆ. ಹವಾಮಾನ ಕೆಡುತ್ತಿದೆ. ಅವತ್ತು ಮೇಲೆ ಹೋಗಬೇಡಿ.

ಹಂತ 7: ಸಿಕ್ಕಿಹಾಕಿಕೊಂಡರೆ

ಎಲ್ಲ ಎಚ್ಚರಿಕೆಯ ನಂತರವೂ ಸಿಕ್ಕಿಕೊಳ್ಳಬಹುದು. ಮೊದಲು ಎಲ್ಲರೂ ಒಟ್ಟಾಗಿ, ತಲೆ ಎಣಿಸಿ. ಗಾಳಿಗೆ ಬೆನ್ನು ಮಾಡಿ ಎಲ್ಲ ಪದರ ಹಾಕಿಕೊಳ್ಳಿ, ಹುಡ್ ಎಳೆಯಿರಿ, ಬಾಯಿಗೆ ಏನಾದರೂ ಸಿಹಿ ಹಾಕಿ. ಈ ಐದು ನಿಮಿಷ ದಂಡ ಅನ್ನಿಸಬಹುದು. ಇದನ್ನು ಬಿಟ್ಟು ಓಡಿದವರಿಗೆ ಮುಂದೆ ನಿಲ್ಲಲು ಜಾಗವೇ ಸಿಗುವುದಿಲ್ಲ.

ಆಮೇಲೆ ಬಂದ ದಾರಿಯಲ್ಲೇ ಕೆಳಗೆ. ಹೊಸ ಅಡ್ಡದಾರಿ ಬೇಡ. ನಿಧಾನ ನಡೆಯುವವರು ಮುಂದೆ, ಗಟ್ಟಿ ಇದ್ದವರು ಹಿಂದೆ. ಯಾರೂ ಒಂಟಿಯಾಗಿ ಮುಂದೆ ಹೋಗಬಾರದು, ಒಬ್ಬರನ್ನು ಹಿಂದೆ ಬಿಟ್ಟು ‘ನೀನು ನಿಧಾನ ಬಾ’ ಅನ್ನಲೇಬಾರದು. ನೆಲ, ಆಕಾಶ ಎರಡೂ ಬಿಳಿಯಾಗಿ ಒಂದಾದಾಗ ಇಳಿಜಾರು ಎತ್ತ ಇದೆ ಅಂತಲೂ ತಿಳಿಯುವುದಿಲ್ಲ. ಇದಕ್ಕೆ ವೈಟ್‌ಔಟ್ ಅನ್ನುತ್ತಾರೆ. ನಮ್ಮ ಮಂಜಿನಲ್ಲಿ ಕಾಲ ಬುಡದ ಹುಲ್ಲಾದರೂ ಕಾಣುತ್ತದೆ, ಅಲ್ಲಿ ಅದೂ ಇಲ್ಲ. ದಿಬ್ಬದ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಹೊರಗೆ ಚಾಚಿಕೊಂಡಿರುತ್ತದೆ. ಅದರ ಕೆಳಗೆ ನೆಲ ಇರುವುದಿಲ್ಲ. ಹೆಜ್ಜೆ ಇಡುವ ಜಾಗ ಗೊತ್ತಿಲ್ಲ ಅಂದರೆ ನಿಲ್ಲಿ.

ನಿಂತರೆ ಗಾಳಿಯಿಂದ ಮರೆಯಾಗಿ. ದೊಡ್ಡ ಬಂಡೆಯ ಹಿಂಬದಿ, ಮರಗಳ ಸಾಲು, ಏನೂ ಇಲ್ಲದಿದ್ದರೆ ಹಿಮದಲ್ಲೇ ತೋಡಿದ ಗುಂಡಿ. ಇಳಿಜಾರಿನ ಬುಡದಲ್ಲಿ, ಕಣಿವೆಯ ಸಣ್ಣ ಓಣಿಯಲ್ಲಿ ಕೂರಬೇಡಿ, ಹಿಮಕುಸಿತ ಅಲ್ಲೇ ಹರಿಯುತ್ತದೆ. ಬರಿ ಹಿಮದ ಮೇಲೆ ಕೂರಬೇಡಿ. ಬ್ಯಾಗ್, ಮ್ಯಾಟ್, ಹಗ್ಗ ಏನಿದೆಯೋ ಅದನ್ನು ಕೆಳಗೆ ಹಾಕಿ. ಒಬ್ಬರಿಗೊಬ್ಬರು ಅಂಟಿ ಕೂತು, ಮೇಲೆ ಟಾರ್ಪಾಲ್ ಅಥವಾ ಟೆಂಟ್ ಹೊದಿಕೆ ಎಳೆದುಕೊಳ್ಳಿ. ಬೆರಳು ಆಡಿಸುತ್ತಾ ಇರಿ, ಮಾತಾಡುತ್ತಾ ಇರಿ.

ಟೆಂಟಿನಲ್ಲಿದ್ದರೆ ಎರಡು ವಿಷಯ ನೆನಪಿಡಿ. ಬೀಳುವ ಹಿಮವನ್ನು ಆಗಾಗ ಒಳಗಿಂದ ತಟ್ಟಿ ಉದುರಿಸಿ, ಹೊರಗೆ ಹೋಗಿ ಸುತ್ತ ತೆಗೆಯಿರಿ. ಗಾಳಿ ಆಡುವ ಕಿಂಡಿ ಮುಚ್ಚಬಾರದು. ಎರಡನೆಯದು, ಮುಚ್ಚಿದ ಟೆಂಟಿನೊಳಗೆ ಸ್ಟೌ, ಕೆಂಡ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ನಿದ್ದೆಯಲ್ಲೇ ಕೊಲ್ಲುತ್ತದೆ. ಕೊಡಗಿನಲ್ಲೂ ಚಳಿಗೆ ಬಾಗಿಲು ಹಾಕಿ ಕೆಂಡ ಇಟ್ಟುಕೊಂಡು ಮಲಗುವ ರೂಢಿ ಕೆಲವು ಕಡೆ ಇದೆ, ಅದೂ ಇಷ್ಟೇ ಅಪಾಯ.

ಹಂತ 8: ಹಿಮಕುಸಿತ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಹಿಮಕುಸಿತ ಅರ್ಥ ಮಾಡಿಕೊಳ್ಳುವುದು ಸುಲಭ. ಮಳೆ ನೀರಿನ ಭಾರಕ್ಕೆ ಮೇಲಿನ ಮಣ್ಣು ಕೆಳಗಿನ ಪದರದಿಂದ ಬಿಟ್ಟುಕೊಂಡು ಜಾರಿತು. ಹಿಮದಲ್ಲೂ ಹಾಗೇ, ಹೊಸ ಹಿಮದ ಭಾರಕ್ಕೆ ಒಳಗಿನ ಸಡಿಲ ಪದರ ಕುಸಿದು ಮೇಲಿನದ್ದೆಲ್ಲ ಒಟ್ಟಿಗೆ ಜಾರುತ್ತದೆ. ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಒಬ್ಬ ಮನುಷ್ಯನ ಹೆಜ್ಜೆಯ ಭಾರವೇ ಸಾಕಾಗಬಹುದು. ಜನರನ್ನು ಹೂಳಿದ ಬಹಳಷ್ಟು ಕುಸಿತಗಳನ್ನು ಶುರು ಮಾಡಿದ್ದು ಹೂತುಹೋದವರೋ ಅವರ ಜೊತೆಯವರೋ.

30ರಿಂದ 45 ಡಿಗ್ರಿ ಇಳಿಜಾರು ಅತಿ ಅಪಾಯ. ಬಿರುಗಾಳಿ ನಿಂತ ಮೇಲಿನ ಮೊದಲ ಒಂದೆರಡು ದಿನ ಇನ್ನೂ ಅಪಾಯ. ಆ ಬೆಳಿಗ್ಗೆ ಆಕಾಶ ನೀಲಿಯಾಗಿರುತ್ತದೆ, ಹಿಮ ಹೊಳೆಯುತ್ತದೆ, ಎಲ್ಲರಿಗೂ ಫೋಟೋ ಬೇಕು, ನಿನ್ನೆ ಕಳೆದುಹೋದ ದಿನವನ್ನು ತುಂಬಿಕೊಳ್ಳುವ ಆತುರ ಬೇರೆ. ಅದೇ ಬೆಳಿಗ್ಗೆ ಕಡಿದಾದ ಇಳಿಜಾರಿಗೆ ಕಾಲಿಡಬಾರದು. ಗಾಳಿಯ ಮರೆಯ ಬದಿಯಲ್ಲಿ ಹಿಮ ಜಾಸ್ತಿ ಗುಡ್ಡೆಯಾಗಿರುತ್ತದೆ. ನಡೆಯುವಾಗ ಕಾಲ ಕೆಳಗೆ ‘ಧುಮ್’ ಅಂತ ಸದ್ದು ಬಂದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಪಕ್ಕದ ಬೆಟ್ಟದಲ್ಲಿ ಹೊಸ ಕುಸಿತ ಕಂಡರೆ ಕೂಡಲೇ ಹಿಂದಕ್ಕೆ ಹೋಗಿ.

ದಾಟಲೇಬೇಕಾದ ಜಾಗ ಬಂದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಭದ್ರ ಜಾಗದಲ್ಲಿ ನಿಂತು ನೋಡುತ್ತಿರಲಿ. ಒಬ್ಬರು ಹೂತುಹೋದರೆ ಕೊನೆಯದಾಗಿ ಕಂಡ ಜಾಗ ಗುರುತಿಟ್ಟು ತಕ್ಷಣ ಹುಡುಕಿ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷದ ನಂತರ ವೇಗವಾಗಿ ಇಳಿಯುತ್ತದೆ. ಕೆಳಗಿನಿಂದ ಸಹಾಯ ಬರಲಿ ಅಂತ ಕಾಯಲು ಆಗುವುದಿಲ್ಲ. ಬೀಕನ್ (ಹೂತವರನ್ನು ಪತ್ತೆ ಮಾಡಲು ಸಂಕೇತ ಕಳಿಸುವ ಸಾಧನ), ಉದ್ದ ಕೋಲು, ಸಲಿಕೆ ಮೂರೂ ಇದ್ದು, ಬಳಸಲು ಬಂದರೆ ಮಾತ್ರ ಉಪಯೋಗ.

ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನದ ನಂತರ ಜೀವಂತ ಹೊರತೆಗೆದದ್ದು ನಾಡಿಗೇ ಗೊತ್ತು. ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರ ಜೊತೆಗಿದ್ದ ಒಂಬತ್ತು ಯೋಧರು ಉಳಿಯಲಿಲ್ಲ. ಅದು ತೀರಾ ಅಪರೂಪದ ಘಟನೆ. ನಮ್ಮ ಲೆಕ್ಕ ನಿಮಿಷಗಳದ್ದೇ ಆಗಿರಬೇಕು. ಅನುಭವ ಇದ್ದರೂ ಹಿಮಕುಸಿತ ಬಿಡುವುದಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಸಿಕ್ಕಿಕೊಂಡದ್ದು ತರಬೇತಿ ತಂಡ, ಜೊತೆಯಲ್ಲಿ ಬೋಧಕರೂ ಇದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಹಂತ 9: ಮೈ ಕೈಕೊಟ್ಟಾಗ ಗುರುತಿಸಿ

ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗೆ ಇಳಿದರೆ ಹೈಪೋಥರ್ಮಿಯಾ. ಮೊದಲು ಜೋರು ನಡುಕ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಕೈಯಿಂದ ವಸ್ತು ಜಾರುತ್ತದೆ, ಕಾರಣ ಇಲ್ಲದೆ ಸಿಡುಕು. ‘ಅವನಿಗೆ ಸುಸ್ತಾಗಿದೆ ಅಷ್ಟೇ’ ಅಂತ ಬಿಟ್ಟುಬಿಡುವುದು ಇಲ್ಲೇ. ಸುಮಾರು 32 ಡಿಗ್ರಿಗಿಂತ ಕೆಳಗೆ ನಡುಕ ನಿಲ್ಲಬಹುದು. ನಡುಕ ನಿಂತರೆ ವಾಸಿಯಾಯಿತು ಅಂತ ತಿಳಿಯಬೇಡಿ, ಪರಿಸ್ಥಿತಿ ಬಿಗಡಾಯಿಸಿದೆ. ಕೊನೆಯ ಹಂತದಲ್ಲಿ ಕೆಲವರು ಸೆಕೆ ಅಂತ ಬಟ್ಟೆ ಕಿತ್ತೆಸೆಯುತ್ತಾರೆ.

ನಡುಗುತ್ತಾ ಎಚ್ಚರ ಇರುವವರನ್ನು ಮರೆಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ಬದಲಿಸಿ, ಕೆಳಗೂ ಮೇಲೂ ಸುತ್ತಿ, ನುಂಗಲು ಆಗುತ್ತಿದ್ದರೆ ಬೆಚ್ಚಗಿನ ಸಿಹಿ ನೀರು ಕೊಡಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆ, ಕಂಕುಳ ಹತ್ತಿರ ಇಡಿ. ಅರ್ಧ ಗಂಟೆ ನೋಡಿ ಆಮೇಲೆ ನಡೆಸಿ. ಎಚ್ಚರ ಮಂಕಾದವರನ್ನು ನಡೆಸಲೇಬೇಡಿ. ಮಲಗಿಸಿ, ಬಹಳ ಮೆಲ್ಲಗೆ ಎತ್ತಿ. ಒರಟಾಗಿ ಎಳೆದಾಡಿದರೆ ಹೃದಯದ ಬಡಿತ ಕೆಡಬಹುದು. ಕೈಕಾಲು ತಿಕ್ಕಬೇಡಿ, ಬಾಯಿಗೆ ಏನೂ ಹಾಕಬೇಡಿ. ತಣ್ಣಗಾದ ದೇಹದಲ್ಲಿ ನಾಡಿ ಬಹಳ ನಿಧಾನ, ಒಂದು ನಿಮಿಷ ಪೂರ್ತಿ ಹುಡುಕಿ. ಸತ್ತರು ಅಂತ ನೀವೇ ತೀರ್ಮಾನಿಸಬೇಡಿ.

ಬೆರಳು, ಮೂಗು, ಕಿವಿ ಬಿಳಿಯಾಗಿ ಮೇಣದ ಹಾಗಾಗಿ ಸ್ಪರ್ಶ ಹೋದರೆ ಫ್ರಾಸ್ಟ್‌ಬೈಟ್. ಉಂಗುರ ತೆಗೆಯಿರಿ. ಹಿಮದಿಂದಾಗಲಿ ಕೈಯಿಂದಾಗಲಿ ತಿಕ್ಕಬೇಡಿ, ಬೆಂಕಿಗೆ ಹಿಡಿಯಬೇಡಿ. ಸ್ಪರ್ಶ ಇಲ್ಲದ ಬೆರಳಿಗೆ ಸುಡುವುದೂ ತಿಳಿಯುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಕರಗಿಸಲೇಬೇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಬೆರಳು ಕಳೆದುಕೊಳ್ಳುವ ಅಪಾಯ ಇನ್ನೂ ಜಾಸ್ತಿ. ಭದ್ರ ಜಾಗ ತಲುಪಿದ ಮೇಲೆ 37–39 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡಿ, ಬೊಬ್ಬೆ ಒಡೆಯಬೇಡಿ, 24 ಗಂಟೆಯೊಳಗೆ ಆಸ್ಪತ್ರೆ ಸೇರಿ.

ಎತ್ತರದ ಕಾಯಿಲೆ ಬಿರುಗಾಳಿಯ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ತಲೆನೋವಿನ ಜೊತೆ ವಾಕರಿಕೆ ಇದ್ದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನೇರ ನಡೆಯಲು ಆಗದಿದ್ದರೆ ಮೆದುಳು ಊದಿಕೊಳ್ಳುತ್ತಿರಬಹುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಗುಲಾಬಿ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು. ಎರಡಕ್ಕೂ ಮುಖ್ಯ ಮದ್ದು ಕೆಳಗೆ ಇಳಿಸುವುದು, ರಾತ್ರಿಯಾದರೂ ಸರಿ. ಬಿರುಗಾಳಿ ದಾರಿ ಮುಚ್ಚಿದಾಗ ಇಳಿಸಲು ಆಗುವುದಿಲ್ಲ. ತಲೆನೋವು ಇರುವಾಗಲೇ ಮೇಲಕ್ಕೆ ಹೋಗಬಾರದು ಅನ್ನುವುದು ಅದಕ್ಕೇ.

ಹಂತ 10: ಸಹಾಯ ಕರೆಯುವುದು, ಮನೆಯವರ ಕೈಯಲ್ಲಿರುವ ಕಾಗದ

ಸೀಟಿ ಎಲ್ಲರ ಕೊರಳಲ್ಲೂ ಇರಲಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಡಿ, ಮತ್ತೆ ಆರು. ಇದು ಬೆಟ್ಟದಲ್ಲಿ ಸಹಾಯ ಬೇಡುವ ರೀತಿ. ಮೂರು ಸಲ ಉತ್ತರ ಬಂದರೆ ಕೇಳಿಸಿಕೊಂಡಿದ್ದಾರೆ ಅಂತ. ರಾತ್ರಿಯಾದರೆ ಟಾರ್ಚಿನಿಂದ ಹೀಗೇ ಮಾಡಿ. ನೆಟ್‌ವರ್ಕ್ ಸಿಕ್ಕ ಕ್ಷಣ 112. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಆನ್‌ಲೈನಲ್ಲಿ ಕಂಡರೂ ಸುಮ್ನೆ ತರಿಸಿ ಒಯ್ಯಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದು ಅಪರಾಧ. ಬಿರುಗಾಳಿ ನಡೆಯುತ್ತಿರುವಾಗ ಹೆಲಿಕಾಪ್ಟರ್ ಹಾರುವುದಿಲ್ಲ. ಸಹಾಯ ಬರುವುದು ಗಾಳಿ ನಿಂತ ಮೇಲೆ. ಅಲ್ಲಿಯವರೆಗೆ ಉಳಿಯಬೇಕಾದದ್ದು ನಿಮ್ಮ ಬ್ಯಾಗಿನಲ್ಲಿ ಇರುವುದರಿಂದಲೇ.

ಹೊರಡುವ ಮೊದಲು ಮನೆಯಲ್ಲಿ ಒಂದು ಕಾಗದ ಕೊಟ್ಟು ಹೋಗಿ. ಪ್ರತಿದಿನ ಎಲ್ಲಿ ಉಳಿಯುತ್ತೇವೆ, ಜೊತೆಯಲ್ಲಿ ಯಾರ್ಯಾರಿದ್ದಾರೆ, ಗೈಡ್ ಮತ್ತು ಕರೆದುಕೊಂಡು ಹೋಗುವವರ ನಂಬರ್, ಆ ಜಿಲ್ಲೆಯ ವಿಪತ್ತು ನಿರ್ವಹಣಾ ಕೊಠಡಿಯ ನಂಬರ್, ವಿಮೆಯ ಪಾಲಿಸಿ ನಂಬರ್, ನಿಮ್ಮ ರಕ್ತದ ಗುಂಪು. ಯಾವ ದಿನ ಎಷ್ಟು ಗಂಟೆಯೊಳಗೆ ನಿಮ್ಮ ಫೋನ್ ಬರಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಅದರ ಮೇಲೆ ಅರ್ಧ ದಿನದ ಅವಕಾಶ ಕೊಡಿ, ಕೆಳಗಿನ ಊರಲ್ಲೂ ನೆಟ್‌ವರ್ಕ್ ಕೈಕೊಡುತ್ತದೆ. ಆ ಅರ್ಧ ದಿನವೂ ದಾಟಿದರೆ ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ ಅಮ್ಮನಿಗೋ ಅಣ್ಣನಿಗೋ ಎದುರು ಕೂರಿಸಿ ಹೇಳಿ: ಮೊದಲು ಕರೆದುಕೊಂಡು ಹೋದವರಿಗೆ, ಅವರು ಸರಿಯಾಗಿ ಉತ್ತರ ಕೊಡದಿದ್ದರೆ ನೇರ ಆ ಜಿಲ್ಲೆಯ ವಿಪತ್ತು ಕೊಠಡಿಗೆ.